ಕಟ್ಟಡ ನಿರ್ಮಾಣದ ನಾಡಿ ಹಿಡಿಯಲು ಯಾವ ಅಂಕಿ? ಪರವಾನಗಿಯಿಂದ ಸಿಮೆಂಟಿನವರೆಗೆ ಒಂದು ಹೋಲಿಕೆ

ದೇಶದಲ್ಲಿ ಕಟ್ಟಡ ಕಾಮಗಾರಿ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು ಕೇಳಿದರೆ ಒಂದೇ ತಿಂಗಳಲ್ಲಿ ನಾಲ್ಕು ಉತ್ತರ ಸಿಗಬಹುದು. ನಾಲ್ಕೂ ನಿಜವೇ ಆಗಿರಬಹುದು. ಅಮೆರಿಕದಲ್ಲಿ 2023ರಲ್ಲಿ ಆದದ್ದು ಹೀಗೆ. ಬಡ್ಡಿ ದರ ಏರಿದ್ದರಿಂದ ಹೊಸದಾಗಿ ಪಾಯ ತೋಡಿದ ಮನೆಗಳು ಹಿಂದಿನ ವರ್ಷದ ಸುಮಾರು 15.5 ಲಕ್ಷದಿಂದ 14 ಲಕ್ಷ ಚಿಲ್ಲರೆಗೆ ಇಳಿದವು. ಅದೇ ಹೊತ್ತಿಗೆ ‘ಕಟ್ಟುತ್ತಿರುವ’ ಮನೆಗಳ ಸಂಖ್ಯೆ 17 ಲಕ್ಷದ ಆಸುಪಾಸಿನಲ್ಲಿತ್ತು. ಆ ಲೆಕ್ಕ ಇಡಲು ಶುರುಮಾಡಿದ ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅಷ್ಟು ಎತ್ತರ ಕಂಡಿರಲೇ ಇಲ್ಲ. ಮೊದಲ ಅಂಕಿ ನೋಡಿದವರು ಕುಸಿತ ಎಂದರು, ಎರಡನೆಯದನ್ನು ನೋಡಿದವರು ಕೈತುಂಬ ಕೆಲಸ ಎಂದರು. ಸಿಮೆಂಟ್ ಮಾರುವವನಿಗೆ ಮೊದಲನೆಯವರ ಮಾತು ಸರಿ, ಟೈಲ್ಸ್ ಮಾರುವವನಿಗೆ ಎರಡನೆಯವರ ಮಾತು ಸರಿ.

ಆದ್ದರಿಂದ ‘ಒಳ್ಳೆಯ ಅಂಕಿ ಯಾವುದು’ ಎಂದು ಕೇಳಿ ಪ್ರಯೋಜನವಿಲ್ಲ. ನೀವು ತೆಗೆದುಕೊಳ್ಳುವ ನಿರ್ಧಾರ ಕಟ್ಟಡದ ಯಾವ ಹಂತಕ್ಕೆ ತಗಲುತ್ತದೆ ಎಂದು ಕೇಳಿಕೊಳ್ಳಬೇಕು. ಬೇಗ ಬರುವ ಅಂಕಿಯಲ್ಲಿ ಗದ್ದಲ, ಅಂದರೆ ಅರ್ಥವಿಲ್ಲದ ಏರಿಳಿತ, ಜಾಸ್ತಿ. ಗದ್ದಲವಿಲ್ಲದ ಅಂಕಿ ಕೈಸೇರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಮನೆಗಳ ಲೆಕ್ಕ: ನಾಲ್ಕು ಹಂತ, ನಾಲ್ಕು ಅಂಕಿ

ವಸತಿ ನಿರ್ಮಾಣಕ್ಕೆ ಅಮೆರಿಕದ ಜನಗಣತಿ ಇಲಾಖೆಯ ಮಾಸಿಕ ವರದಿಯಷ್ಟು ಬಿಡಿಸಿ ಕೊಡುವ ಲೆಕ್ಕ ಕಡಿಮೆ. ಅದರಲ್ಲಿ ಪರವಾನಗಿ, ಆರಂಭ, ನಿರ್ಮಾಣ ಹಂತದಲ್ಲಿರುವುದು, ಪೂರ್ಣಗೊಂಡದ್ದು ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಬೇರೆ ದೇಶಗಳಲ್ಲಿ ಇವುಗಳಲ್ಲಿ ಒಂದೆರಡು ಸಿಗುತ್ತವೆ, ಆದರೆ ಓದುವ ಕ್ರಮ ಒಂದೇ.

ಪರವಾನಗಿ ಅಂದರೆ ನಕ್ಷೆಗೆ ಸಿಕ್ಕ ಮಂಜೂರಾತಿ. ಎಲ್ಲಕ್ಕಿಂತ ಮೊದಲು ಬರುವುದು ಇದೇ. ಕಚೇರಿಯ ಕಡತದಿಂದ ಎಣಿಸುವುದರಿಂದ ಸಮೀಕ್ಷೆಯ ತಪ್ಪೂ ಕಡಿಮೆ. ತೊಂದರೆ ಎರಡು. ಮಂಜೂರಾದದ್ದೆಲ್ಲ ಕಟ್ಟುವುದಿಲ್ಲ. ಒಂಟಿ ಮನೆಗೆ ಪರವಾನಗಿ ತೆಗೆದವರು ಬಹುಪಾಲು ಬೇಗನೆ ಕೆಲಸ ಶುರುಮಾಡುತ್ತಾರೆ, ಆದರೆ ಅಪಾರ್ಟ್‌ಮೆಂಟ್ ಯೋಜನೆ ಸಾಲಕ್ಕಾಗಿ, ಪಾಲುದಾರನಿಗಾಗಿ ಕಾಯುತ್ತ ತಿಂಗಳುಗಟ್ಟಲೆ ಕಾಗದದಲ್ಲೇ ಉಳಿಯಬಹುದು. ಎರಡನೆಯದು, ನಿಯಮ ಬದಲಾದಾಗ ಪರವಾನಗಿಯ ಅಂಕಿ ಬೇಡಿಕೆಯ ಬದಲು ಕಚೇರಿಯ ಸ್ಥಿತಿ ಹೇಳುತ್ತದೆ. ಜಪಾನಿನಲ್ಲಿ ಕಟ್ಟಡದ ಬಲದ ಲೆಕ್ಕಾಚಾರವನ್ನು ಸುಳ್ಳು ಮಾಡಿದ ಹಗರಣವೊಂದರ ನಂತರ 2007ರ ಜೂನ್‌ನಲ್ಲಿ ತಪಾಸಣೆಯ ಕಾನೂನು ಬಿಗಿಯಾಯಿತು. ಕಡತಗಳು ಮುಂದೆ ಸಾಗಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಮನೆಗಳ ಆರಂಭ ಹಿಂದಿನ ವರ್ಷದ ಅದೇ ತಿಂಗಳಿಗಿಂತ 40%ಕ್ಕೂ ಹೆಚ್ಚು ಬಿತ್ತು. ಮನೆ ಬೇಕೆನ್ನುವವರು ರಾತ್ರೋರಾತ್ರಿ ಅರ್ಧದಷ್ಟು ಕಡಿಮೆಯಾಗಿರಲಿಲ್ಲ. ಹೊಸ ನಿಯಮ ಜಾರಿಯಾಗುವ ಹಿಂದಿನ ತಿಂಗಳುಗಳಲ್ಲಿ ಇದರ ತಿರುಗುಮುರುಗು ನಡೆಯುತ್ತದೆ. ಹಳೆಯ ನಿಯಮದಲ್ಲೇ ಮಂಜೂರಾತಿ ಪಡೆಯುವ ನೂಕುನುಗ್ಗಲು ಅಂಕಿಯನ್ನು ಉಬ್ಬಿಸುತ್ತದೆ. ಪರವಾನಗಿ ದಿಢೀರನೆ ಏರಿದರೆ ಮೊದಲು ಹುಡುಕಬೇಕಾದದ್ದು ಯಾವ ನಿಯಮ ಯಾವತ್ತಿನಿಂದ ಬದಲಾಗುತ್ತಿದೆ ಎಂಬುದನ್ನು.

ಆರಂಭದ ಲೆಕ್ಕದಲ್ಲಿ ಸಿಕ್ಕಿಬೀಳುವುದು ವ್ಯಾಖ್ಯೆಯಲ್ಲಿ. ಅಮೆರಿಕದಲ್ಲಿ ಪಾಯಕ್ಕೆ ನೆಲ ಅಗೆಯಲು ತೊಡಗಿದರೆ ಮನೆ ‘ಆರಂಭ’ವಾದಂತೆ. ಕೆನಡಾದ ವಸತಿ ಸಂಸ್ಥೆ ಸಾಮಾನ್ಯವಾಗಿ ಇಡೀ ಕಟ್ಟಡದ ಸುತ್ತ ಪಾಯದ ತಳದ ಕಾಂಕ್ರೀಟ್ ಬಿದ್ದ ಮೇಲೆ ಎಣಿಸುತ್ತದೆ. ಇವೆರಡರ ನಡುವೆ ಮಳೆ, ಬಂಡೆ, ಹಣದ ಅಡಚಣೆ ಏನು ಬೇಕಾದರೂ ಬರಬಹುದು. ಎರಡು ದೇಶಗಳ ಆರಂಭದ ಅಂಕಿಯನ್ನು ಅಕ್ಕಪಕ್ಕ ಇಟ್ಟು ‘ಅವರು ನಮಗಿಂತ ವೇಗ’ ಎನ್ನುವ ಮುಂಚೆ ಈ ವ್ಯಾಖ್ಯೆಗಳನ್ನು ಓದಿರಬೇಕು. ಇನ್ನೊಂದು ಸಂಗತಿ: 200 ಮನೆಗಳ ಅಪಾರ್ಟ್‌ಮೆಂಟಿಗೆ ನೆಲ ಅಗೆದ ದಿನವೇ 200 ಮನೆಯೂ ಆ ತಿಂಗಳ ಖಾತೆಗೆ ಬೀಳುತ್ತವೆ. ಬಹುಮನೆ ಕಟ್ಟಡಗಳ ಆರಂಭ ತಿಂಗಳಿಂದ ತಿಂಗಳಿಗೆ 20%, 30% ಕುಣಿಯುವುದಕ್ಕೆ ಇದು ದೊಡ್ಡ ಕಾರಣ. ಒಟ್ಟು ಅಂಕಿಯನ್ನು ಬಿಟ್ಟು ಒಂಟಿ ಮನೆಗಳ ಸಾಲನ್ನು ಪ್ರತ್ಯೇಕ ನೋಡಿದರೆ ದಿಕ್ಕು ಬೇಗ ಗೊತ್ತಾಗುತ್ತದೆ.

ಆರಂಭದ ಅಂಕಿ ಬರುವುದು ಸಮೀಕ್ಷೆಯಿಂದ. ವರದಿಯಲ್ಲಿ ಶೇಕಡಾವಾರು ಬದಲಾವಣೆಯ ಪಕ್ಕ ತಪ್ಪಿನ ಮಿತಿ ಕೊಟ್ಟಿರುತ್ತಾರೆ, ಪತ್ರಿಕೆಗಳು ಅದನ್ನು ಬಿಟ್ಟುಬಿಡುತ್ತವೆ. ಆರಂಭ 4% ಏರಿದೆ, ಪಕ್ಕದಲ್ಲಿ ±11% ಎಂದಿದೆ ಎಂದುಕೊಳ್ಳಿ. ನಿಜವಾದ ಬದಲಾವಣೆ 7% ಇಳಿಕೆಯಿಂದ 15% ಏರಿಕೆಯವರೆಗೆ ಎಲ್ಲಿ ಬೇಕಾದರೂ ಇರಬಹುದು. ಆ ವ್ಯಾಪ್ತಿಯಲ್ಲಿ ಸೊನ್ನೆ ಇರುವುದರಿಂದ ಏರಿಕೆಯಾಗಿದೆ ಎಂದೇ ಹೇಳಲಾಗದು. ಪ್ರವೃತ್ತಿ ತಿಳಿಯಲು ಪರವಾನಗಿಗೆ ಮೂರು ತಿಂಗಳ, ಆರಂಭಕ್ಕೆ ಆರು ತಿಂಗಳ ಅಂಕಿ ಬೇಕಾಗಬಹುದು ಎಂದು ಆ ಇಲಾಖೆಯೇ ವರದಿಯಲ್ಲಿ ಹೇಳುತ್ತ ಬಂದಿದೆ. ಕೆನಡಾದವರು ಮಾಸಿಕ ಅಂಕಿಯ ಜೊತೆಗೇ ಆರು ತಿಂಗಳ ಚಲಿಸುವ ಸರಾಸರಿಯನ್ನೂ ಕೊಡುತ್ತಾರೆ.

‘ನಿರ್ಮಾಣ ಹಂತದಲ್ಲಿ’ ಎಂಬುದು ದಾಸ್ತಾನಿನ ಲೆಕ್ಕ (ಆ ಹೊತ್ತಿಗೆ ಎಷ್ಟಿದೆ), ಉಳಿದ ಮೂರೂ ಹರಿವಿನ ಲೆಕ್ಕ (ಆ ತಿಂಗಳಲ್ಲಿ ಎಷ್ಟಾಯಿತು). ಪೂರ್ಣಗೊಳ್ಳುವ ವೇಗಕ್ಕಿಂತ ಆರಂಭದ ವೇಗ ಹೆಚ್ಚಿದ್ದರೆ ಇದು ಉಬ್ಬುತ್ತದೆ. ಆದರೆ ಸಾಮಗ್ರಿ ಸಿಗದೆ, ಕೂಲಿಯವರಿಲ್ಲದೆ ಕೆಲಸ ನಿಧಾನವಾದಾಗಲೂ ಉಬ್ಬುತ್ತದೆ. 2021–22ರಲ್ಲಿ ಕಿಟಕಿ, ಟ್ರಾನ್ಸ್‌ಫಾರ್ಮರ್, ಗ್ಯಾರೇಜ್ ಬಾಗಿಲು ಬರದೆ ಮನೆಗಳು ಅರೆಬರೆ ನಿಂತದ್ದೂ ಆ 17 ಲಕ್ಷದಲ್ಲಿ ಸೇರಿದೆ. ಹಾಗಾಗಿ ಈ ಅಂಕಿ ದೊಡ್ಡದಿದ್ದರೆ ಪೂರ್ಣಗೊಂಡ ಮನೆಗಳ ಅಂಕಿಯನ್ನೂ ತೆಗೆದು ನೋಡಿ. ಎರಡೂ ಏರುತ್ತಿದ್ದರೆ ಬಿರುಸು. ದಾಸ್ತಾನು ಏರಿ ಪೂರ್ಣ ಏರದಿದ್ದರೆ ಗಂಟಲಲ್ಲಿ ಸಿಕ್ಕಿಕೊಂಡ ಕೆಲಸ.

ಪೂರ್ಣಗೊಂಡ ಮನೆಗಳ ಅಂಕಿ ಹಿಂದಿನದನ್ನು ಹೇಳುತ್ತದೆ. ಆದರೆ ಬಾಡಿಗೆ ಎತ್ತ ಹೋಗುತ್ತದೆ ಎನ್ನುವವರಿಗೆ ಇದೇ ಮುಂದಿನದು. ಅಮೆರಿಕದಲ್ಲಿ 2024ರಲ್ಲಿ ಆರಂಭವಾದದ್ದು ಸುಮಾರು 13.6 ಲಕ್ಷ, ಪೂರ್ಣಗೊಂಡದ್ದು ಸುಮಾರು 16.3 ಲಕ್ಷ. ಹಿಂದೆ ಶುರುವಾಗಿದ್ದ ಅಪಾರ್ಟ್‌ಮೆಂಟುಗಳು ಒಟ್ಟಿಗೇ ಬಾಗಿಲು ತೆರೆದವು. ಒಂಟಿ ಮನೆಗೆ ಅಲ್ಲಿ ಸರಾಸರಿ 7ರಿಂದ 10 ತಿಂಗಳು ಹಿಡಿದರೆ ದೊಡ್ಡ ಅಪಾರ್ಟ್‌ಮೆಂಟಿಗೆ ಒಂದೂವರೆ ವರ್ಷ ಅಥವಾ ಇನ್ನೂ ಹೆಚ್ಚು. ಈ ಅಂತರ ಗೊತ್ತಿದ್ದರೆ ಇಂದಿನ ಆರಂಭದಿಂದ ನಾಳಿನ ಪೂರ್ಣವನ್ನು ಅಂದಾಜಿಸಬಹುದು. ಜರ್ಮನಿಯಲ್ಲಿ ಪರವಾನಗಿ ತಿಂಗಳು ತಿಂಗಳು ಬಂದರೂ ಪೂರ್ಣಗೊಂಡ ಮನೆಗಳ ಅಂಕಿ ಬರುವುದು ವರ್ಷಕ್ಕೊಮ್ಮೆ. 2024ರಲ್ಲಿ ಅಲ್ಲಿ ಪೂರ್ಣಗೊಂಡದ್ದು ಸುಮಾರು 2.52 ಲಕ್ಷ, ಪರವಾನಗಿ ಸಿಕ್ಕಿದ್ದು ಸುಮಾರು 2.16 ಲಕ್ಷ. ಮುಂದೆ ಪೂರ್ಣವೂ ಇಳಿಯಲಿದೆ ಎಂಬುದಕ್ಕೆ ಬೇರೆ ಜೋಯಿಸರು ಬೇಕಿಲ್ಲ.

ವಾಣಿಜ್ಯ ಕಟ್ಟಡ: ಇಲ್ಲಿ ಎಣಿಕೆ ನಡೆಯದು, ಹಣವೇ ಅಳತೆ

ಮನೆಯನ್ನು ಒಂದು, ಎರಡು ಎಂದು ಎಣಿಸಬಹುದು. ಗೋದಾಮು, ಆಸ್ಪತ್ರೆ, ಐಟಿ ಪಾರ್ಕ್ ಒಂದೊಂದನ್ನೂ ‘ಒಂದು’ ಎಂದು ಎಣಿಸಿದರೆ ಅರ್ಥವಿಲ್ಲ. ಹಾಗಾಗಿ ಇಲ್ಲಿ ಬಳಸುವುದು ಹಣ ಅಥವಾ ಚದರಡಿ. ಆಯ್ಕೆ ಮುಖ್ಯವಾಗಿ ಮೂರರ ನಡುವೆ: ವಿನ್ಯಾಸಕಾರರ ಸಮೀಕ್ಷೆ, ಗುತ್ತಿಗೆ ಮೌಲ್ಯ, ಆದ ಖರ್ಚು.

ವಿನ್ಯಾಸಕಾರರ ಸಮೀಕ್ಷೆ ಎಲ್ಲಕ್ಕಿಂತ ಮುಂದೆ ಓಡುತ್ತದೆ, ಏಕೆಂದರೆ ನಕ್ಷೆ ಬರೆಯದೆ ಕಟ್ಟಡ ಏಳುವುದಿಲ್ಲ. ಅಮೆರಿಕದ ವಾಸ್ತುಶಿಲ್ಪಿಗಳ ಸಂಘದ ಬಿಲ್ಲಿಂಗ್ ಸೂಚ್ಯಂಕ ನಿರ್ಮಾಣ ಖರ್ಚಿಗಿಂತ 9ರಿಂದ 12 ತಿಂಗಳು ಮುಂದಿರುತ್ತದೆ ಎಂಬ ಲೆಕ್ಕವಿದೆ. 50ಕ್ಕಿಂತ ಮೇಲಿದ್ದರೆ ಬಿಲ್ಲು ಹೆಚ್ಚಿತೆಂದ ಸಂಸ್ಥೆಗಳು ತಗ್ಗಿತೆಂದವುಗಳಿಗಿಂತ ಹೆಚ್ಚು, ಅಷ್ಟೇ. ಎಷ್ಟು ಹೆಚ್ಚಿತು ಎಂಬುದನ್ನು ಅದು ಹೇಳುವುದೇ ಇಲ್ಲ. 48ರಿಂದ 49ಕ್ಕೆ ಬಂದರೆ ‘ಚೇತರಿಕೆ’ ಎಂದು ಬರೆಯುವವರಿದ್ದಾರೆ. ಅದು ಇನ್ನೂ ಇಳಿಕೆಯೇ, ಇಳಿಯುತ್ತಿದೆ ಎನ್ನುವವರು ಸ್ವಲ್ಪ ಕಡಿಮೆಯಾಗಿದ್ದಾರೆ. ಬ್ರಿಟನ್ನಿನ ನಿರ್ಮಾಣ ಪಿಎಂಐ (ಸಂಸ್ಥೆಗಳ ಖರೀದಿ ವ್ಯವಸ್ಥಾಪಕರನ್ನು ಕೇಳಿ ಮಾಡುವ ಸೂಚ್ಯಂಕ) ಕೂಡ 50ರ ಗೆರೆಯದೇ, ಅದರಲ್ಲಿ ವಸತಿ, ವಾಣಿಜ್ಯ, ಸಿವಿಲ್ ಕಾಮಗಾರಿ ಬೇರೆ ಬೇರೆಯಾಗಿ ಸಿಗುವುದು ಅನುಕೂಲ. ಈ ಸಮೀಕ್ಷೆಗಳ ಕುರುಡುತನವೂ ತಿಳಿದಿರಲಿ. ವಾಸ್ತುಶಿಲ್ಪಿಗಳ ಸೂಚ್ಯಂಕ 2022ರ ಕೊನೆಯಿಂದ ಬಹುತೇಕ 50ರ ಕೆಳಗೇ ಇದ್ದಾಗ ಅಮೆರಿಕದಲ್ಲಿ ಕಾರ್ಖಾನೆ ಕಟ್ಟುವ ಖರ್ಚು ಎರಡು ಪಟ್ಟಿಗೂ ಮೀರಿ ಏರಿತ್ತು. ಚಿಪ್ ಕಾರ್ಖಾನೆಯಂಥವುಗಳ ವಿನ್ಯಾಸ ಹೆಚ್ಚಾಗಿ ಎಂಜಿನಿಯರಿಂಗ್ ಸಂಸ್ಥೆಗಳ ಕೈಯಲ್ಲಿರುತ್ತದೆ, ಅವರ ಬಿಲ್ಲು ವಾಸ್ತುಶಿಲ್ಪಿಗಳ ಖಾತೆಗೆ ಬರುವುದಿಲ್ಲ.

ಗುತ್ತಿಗೆ ಮೌಲ್ಯದ ಅಂಕಿ ಕೆಲಸ ಶುರುವಾದ ತಿಂಗಳಿಗೆ ಇಡೀ ಯೋಜನೆಯ ಮೊತ್ತವನ್ನು ಬರೆದುಬಿಡುತ್ತದೆ. 5,000 ಕೋಟಿಯ ಒಂದೇ ಯೋಜನೆ ಆ ತಿಂಗಳನ್ನು ಬೆಟ್ಟ ಮಾಡಿ ಮುಂದಿನ ತಿಂಗಳನ್ನು ಹಳ್ಳ ಮಾಡುತ್ತದೆ. ಆದ ಖರ್ಚಿನ ಅಂಕಿ ಅದೇ ಮೊತ್ತವನ್ನು ಕೆಲಸ ನಡೆದ ಎರಡು ಮೂರು ವರ್ಷಕ್ಕೆ ಹರಡುತ್ತದೆ. ಲಿಫ್ಟ್, ಹವಾನಿಯಂತ್ರಣ, ಗಾಜಿನ ಮುಖಭಾಗ ಪೂರೈಸುವವರಿಗೆ ಗುತ್ತಿಗೆ ಮೌಲ್ಯವೇ ಉಪಯುಕ್ತ, ಆರ್ಡರು ಹಿಡಿಯಬೇಕಾದದ್ದು ಆಗ. ಆದರೆ ಅದನ್ನು 12 ತಿಂಗಳ ಕೂಡಿಕೆಯಾಗಿ ಓದಬೇಕು, ಅತಿ ದೊಡ್ಡ ಒಂದೆರಡು ಯೋಜನೆಗಳನ್ನು ಬದಿಗಿಟ್ಟು ಇನ್ನೊಮ್ಮೆ ಕೂಡಬೇಕು. ಎರಡೂ ಕೂಡಿಕೆ ಒಂದೇ ದಿಕ್ಕಿಗೆ ಹೋದರೆ ಮಾತ್ರ ನಂಬಿ. ಕೂಲಿ, ಸಲಕರಣೆ ಬಾಡಿಗೆಯವರು ಆದ ಖರ್ಚನ್ನೇ ನೋಡುವುದು ಒಳಿತು, ಏಕೆಂದರೆ ಜನ ಬೇಕಾಗುವುದು ಕೆಲಸ ನಡೆಯುವ ದಿನ.

ಇನ್ನು ‘ವಾಣಿಜ್ಯ’ ಎಂಬ ಶೀರ್ಷಿಕೆಯಡಿ ಏನೇನಿದೆ ಎಂದು ನೋಡದೆ ಹೋಲಿಸಿದರೆ ಎಡವುವುದು ಖಚಿತ. ಅಮೆರಿಕದ ಖರ್ಚಿನ ವರದಿಯಲ್ಲಿ ವಾಣಿಜ್ಯ ಎಂದರೆ ಮುಖ್ಯವಾಗಿ ಅಂಗಡಿ, ಮಾಲ್, ಗೋದಾಮು, ವಾಹನ ಸಂಬಂಧಿ ಕಟ್ಟಡ, ಕೃಷಿ ಕಟ್ಟಡ ಕೂಡ. ಕಚೇರಿಯದು ಬೇರೆ ಸಾಲು, ಹೋಟೆಲಿನದು ಮತ್ತೊಂದು. ಡೇಟಾ ಸೆಂಟರ್‌ಗಳನ್ನು ಕಚೇರಿಯೊಳಗೆ ಸೇರಿಸುತ್ತಾರೆ. ಕೋವಿಡ್ ನಂತರ ಜನ ಮನೆಯಿಂದ ಕೆಲಸ ಮಾಡುವಾಗಲೂ ‘ಕಚೇರಿ’ ಸಾಲು ನೆಲಕಚ್ಚದೆ ನಿಂತದ್ದಕ್ಕೆ ಇದೊಂದು ದೊಡ್ಡ ಕಾರಣ. ಡೇಟಾ ಸೆಂಟರನ್ನು ಕಳೆದು ನೋಡಿದರೆ ಕತೆ ಬೇರೆ.

ಖರ್ಚಿನ ಅಂಕಿಯಿಂದ ಬೆಲೆ ಕಳೆಯದೆ ಮಾತಾಡಬೇಡಿ. ಖರ್ಚು ಒಂದು ವರ್ಷದಲ್ಲಿ 8% ಏರಿದೆ, ನಿರ್ಮಾಣ ವೆಚ್ಚದ ಸೂಚ್ಯಂಕ 6% ಏರಿದೆ ಎಂದಾದರೆ 1.08ನ್ನು 1.06ರಿಂದ ಭಾಗಿಸಿ: 1.019. ಕಟ್ಟಿದ್ದು ಹೆಚ್ಚಾದದ್ದು ಬರೀ 1.9%. ಮರದ ಬೆಲೆ 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸಾವಿರ ಬೋರ್ಡ್ ಅಡಿಗೆ (ಅಲ್ಲಿ ಮರ ಅಳೆಯುವ ಮಾನ) 1,600 ಡಾಲರ್ ದಾಟಿದಾಗ ಖರ್ಚಿನ ಗ್ರಾಫ್ ನೋಡಿ ‘ದಾಖಲೆ ನಿರ್ಮಾಣ’ ಎಂದವರು ಅಳೆದದ್ದು ಮರದ ಬೆಲೆಯನ್ನು. ಇಲ್ಲಿ ಬಳಸುವ ಸೂಚ್ಯಂಕ ಸಾಮಗ್ರಿ ಬೆಲೆಯದ್ದೋ, ಕೂಲಿಯೂ ಗುತ್ತಿಗೆದಾರನ ಲಾಭವೂ ಸೇರಿದ ಪೂರ್ತಿ ಬಿಡ್ ಬೆಲೆಯದ್ದೋ ನೋಡಿಕೊಳ್ಳಿ. ಕೆಲಸ ಕಡಿಮೆಯಾದಾಗ ಗುತ್ತಿಗೆದಾರರು ಲಾಭ ಬಿಟ್ಟುಕೊಡುತ್ತಾರೆ, ಸಾಮಗ್ರಿ ಸೂಚ್ಯಂಕದಲ್ಲಿ ಅದು ಕಾಣದು.

ಆರಂಭದ ಲೆಕ್ಕವೇ ಇಲ್ಲದ ಕಡೆ: ಭಾರತದ ಉದಾಹರಣೆ

ಭಾರತದಲ್ಲಿ ಇಡೀ ದೇಶದ ಮನೆಗಳ ಆರಂಭವನ್ನು ತಿಂಗಳು ತಿಂಗಳು ಹೇಳುವ, ಅಮೆರಿಕದ್ದರಂಥ ಅಧಿಕೃತ ವರದಿಯಿಲ್ಲ. ಆದ್ದರಿಂದ ಪರೋಕ್ಷ ಅಂಕಿಗಳನ್ನೇ ಹೋಲಿಸಿ ಆರಿಸಿಕೊಳ್ಳಬೇಕು.

ಸಿಮೆಂಟ್ ಇವುಗಳಲ್ಲಿ ನಮ್ಮ ಮೊದಲ ಆಯ್ಕೆ. ಎಂಟು ಪ್ರಮುಖ ಕೈಗಾರಿಕೆಗಳ ಸೂಚ್ಯಂಕದಲ್ಲಿ ಪ್ರತಿ ತಿಂಗಳೂ ಬರುತ್ತದೆ. 2011–12ರ ಆಧಾರ ವರ್ಷದ ಸರಣಿಯಲ್ಲಿ ಅದರ ತೂಕ 5.37%, ಉಕ್ಕಿನದು 17.92%. ತೂಕ ಹೆಚ್ಚೆಂದು ಉಕ್ಕನ್ನು ಆರಿಸಿಕೊಳ್ಳಬೇಡಿ. ಉಕ್ಕು ಕಾರಿಗೂ ಹೋಗುತ್ತದೆ, ರಫ್ತೂ ಆಗುತ್ತದೆ, ಗೋದಾಮಿನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಚೀಲ ತುಂಬಿದ ಸಿಮೆಂಟು ಮೂರು ತಿಂಗಳಿಗೇ ಬಲ ಕಳೆದುಕೊಳ್ಳತೊಡಗುವುದರಿಂದ ಯಾರೂ ಕೂಡಿಡುವುದಿಲ್ಲ. ಕಾರ್ಖಾನೆಯಿಂದ ಹೊರಟದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಾಂಕ್ರೀಟಾಗಿರುತ್ತದೆ. ಅದರ ದೌರ್ಬಲ್ಯ ಒಂದೇ, ಆದರೆ ದೊಡ್ಡದು: ಮನೆಗೆ ಹೋಯಿತೋ, ಮೇಲ್ಸೇತುವೆಗೆ ಹೋಯಿತೋ ಹೇಳುವುದಿಲ್ಲ. ಸರ್ಕಾರದ ರಸ್ತೆ ಕಾಮಗಾರಿ ಬಿರುಸಾಗಿರುವ ವರ್ಷ ವಸತಿ ಮಲಗಿದ್ದರೂ ಸಿಮೆಂಟ್ ಎದ್ದು ಕುಣಿಯುತ್ತದೆ.

ಸಿಮೆಂಟಿನ ವಾರ್ಷಿಕ ಬೆಳವಣಿಗೆ ಓದುವಾಗ ಎರಡು ಬಲೆಗಳಿವೆ. 2020ರ ಏಪ್ರಿಲ್‌ನ ಲಾಕ್‌ಡೌನಿನಲ್ಲಿ ಉತ್ಪಾದನೆ 80%ಕ್ಕೂ ಹೆಚ್ಚು ಬಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ನೂರಾರು ಪ್ರತಿಶತ ‘ಬೆಳವಣಿಗೆ’ ಬಂತು. ಅಂಥಲ್ಲಿ ಎರಡು ವರ್ಷ ಹಿಂದಿನ ಅದೇ ತಿಂಗಳ ಜೊತೆ ಹೋಲಿಸಬೇಕು. ಎರಡನೆಯದು ದೀಪಾವಳಿ. ಹಬ್ಬ ಒಂದು ವರ್ಷ ಅಕ್ಟೋಬರಿಗೆ, ಇನ್ನೊಂದು ವರ್ಷ ನವೆಂಬರಿಗೆ ಬೀಳುತ್ತದೆ, ಕೂಲಿಯವರು ಊರಿಗೆ ಹೋಗುತ್ತಾರೆ, ಒಂದು ತಿಂಗಳು ಕುಸಿದಂತೆಯೂ ಪಕ್ಕದ್ದು ಜಿಗಿದಂತೆಯೂ ಕಾಣುತ್ತದೆ. ಎರಡು ತಿಂಗಳನ್ನು ಕೂಡಿ, ಹಿಂದಿನ ವರ್ಷದ ಎರಡು ತಿಂಗಳ ಜೊತೆ ಇಟ್ಟರೆ ಮುಗಿಯಿತು. ಮಳೆಗಾಲದ ಜುಲೈ–ಆಗಸ್ಟನ್ನು ಮಾರ್ಚ್ ಜೊತೆ ಹೋಲಿಸುವ ತಪ್ಪನ್ನಂತೂ ಯಾರೂ ಮಾಡಬಾರದು.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಪರವಾನಗಿಗೆ ಹತ್ತಿರದ ಅಂಕಿ. 2016ರ ಕಾಯ್ದೆಯಂತೆ ಮಾರುವ ಯೋಜನೆಗಳು ನೋಂದಣಿಯಾಗಬೇಕು, ಖರೀದಿದಾರರಿಂದ ಬಂದ ಹಣದ 70% ಪ್ರತ್ಯೇಕ ಖಾತೆಯಲ್ಲಿರಬೇಕು, ಕೆಲಸದ ಪ್ರಗತಿಯನ್ನು ಮೂರು ತಿಂಗಳಿಗೊಮ್ಮೆ ಜಾಲತಾಣಕ್ಕೆ ಹಾಕಬೇಕು. ಒಂದೊಂದು ಯೋಜನೆಯ ಮಟ್ಟದಲ್ಲಿ ಇದಕ್ಕಿಂತ ಒಳ್ಳೆಯ ಮಾಹಿತಿ ಸಿಗುವುದು ಕಷ್ಟ. ಆದರೆ ಕಾಯ್ದೆಯ ಪ್ರಕಾರ 500 ಚದರ ಮೀಟರಿಗೆ ಮೀರದ ಜಾಗ ಅಥವಾ ಎಂಟಕ್ಕೆ ಮೀರದ ಮನೆಗಳಿರುವ ಯೋಜನೆಗೆ ನೋಂದಣಿ ಕಡ್ಡಾಯವಲ್ಲ, ಸ್ವಂತಕ್ಕೆ ಕಟ್ಟಿಕೊಳ್ಳುವ ಮನೆ ಇದರಲ್ಲಿ ಬರುವುದೇ ಇಲ್ಲ. ಜೊತೆಗೆ ನೋಂದಣಿ ಎಂದರೆ ಮಾರಲು ಸಿಕ್ಕ ಅನುಮತಿ, ನೆಲ ಅಗೆದ ಗುರುತಲ್ಲ. ಸಲಹಾ ಸಂಸ್ಥೆಗಳು ಪ್ರಕಟಿಸುವ ‘ಹೊಸ ಲಾಂಚ್’ ಅಂಕಿಗೂ ಇದೇ ಮಾತು. ಅವು ಏಳೆಂಟು ಮಹಾನಗರಗಳ ಬಿಲ್ಡರುಗಳ ಲೆಕ್ಕ, ದೇಶದ್ದೆಂದು ಓದಬಾರದು.

ಬ್ಯಾಂಕ್ ಸಾಲದ ಅಂಕಿಯಲ್ಲಿ ವಸತಿ, ವಾಣಿಜ್ಯ ಬೇರೆಯಾಗಿ ಸಿಗುವುದು ಅದರ ಹೆಚ್ಚುಗಾರಿಕೆ. ರಿಸರ್ವ್ ಬ್ಯಾಂಕಿನ ಮಾಸಿಕ ವಲಯವಾರು ಸಾಲದ ಪಟ್ಟಿಯಲ್ಲಿ ಗೃಹಸಾಲದ್ದೊಂದು ಸಾಲು, ವಾಣಿಜ್ಯ ರಿಯಲ್ ಎಸ್ಟೇಟಿನದು ಇನ್ನೊಂದು. ಗೃಹಸಾಲ ಹಳೆಯ ಮನೆ ಕೊಳ್ಳಲೂ ಹೋಗುತ್ತದೆ ಎಂಬುದು ನೆನಪಿರಲಿ. 2023ರ ಜುಲೈ 1ರಂದು ಎಚ್‌ಡಿಎಫ್‌ಸಿ ಗೃಹಸಾಲ ಸಂಸ್ಥೆ ಅದೇ ಹೆಸರಿನ ಬ್ಯಾಂಕಿನಲ್ಲಿ ವಿಲೀನವಾದಾಗ ಬ್ಯಾಂಕುಗಳ ಗೃಹಸಾಲ ಒಮ್ಮೆಲೇ ಜಿಗಿಯಿತು. ಒಂದು ಇಟ್ಟಿಗೆಯೂ ಹೆಚ್ಚಾಗಿರಲಿಲ್ಲ, ಸಾಲ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗಿತ್ತು. ಆ ಅವಧಿಗೆ ವಿಲೀನ ಬಿಟ್ಟು ಲೆಕ್ಕ ಹಾಕಿದ ಅಂಕಿಯನ್ನೇ ತೆಗೆದುಕೊಳ್ಳಿ.

ಜಿಡಿಪಿ ವರದಿಯ ನಿರ್ಮಾಣ ವಲಯದ ಸಾಲು ತ್ರೈಮಾಸಿಕ. ಅದರಲ್ಲಿ ರಸ್ತೆ, ಅಣೆಕಟ್ಟು ಎಲ್ಲ ಸೇರಿರುತ್ತವೆ. ಅದನ್ನು ಅಂದಾಜಿಸುವುದೂ ಬಹುಮಟ್ಟಿಗೆ ಸಿಮೆಂಟ್, ಉಕ್ಕಿನಂಥ ಸಾಮಗ್ರಿಗಳಿಂದಲೇ. ಸಿಮೆಂಟ್ ಏರಿತು, ಜಿಡಿಪಿಯ ನಿರ್ಮಾಣವೂ ಏರಿತು, ಎರಡು ಸಾಕ್ಷಿ ಸಿಕ್ಕಿತು ಎಂದು ಬೀಗಬೇಡಿ. ಸಾಕ್ಷಿ ಒಂದೇ, ಎರಡು ಸಲ ಎಣಿಸಿದ್ದೀರಿ.

ಯಾರಿಗೆ ಯಾವುದು

ಸಿಮೆಂಟ್, ಸರಳು, ಸೆಂಟ್ರಿಂಗ್ ಸಾಮಾನು ಪೂರೈಸುವವರು ಆರಂಭದ ಅಂಕಿಯ ಆರು ತಿಂಗಳ ಸರಾಸರಿ ನೋಡಲಿ. ಆರಂಭ ಸಿಗದ ದೇಶದಲ್ಲಿ ಪರವಾನಗಿ ಅಥವಾ ನೋಂದಣಿ ನೋಡಿ, ಅದಕ್ಕೆ ಒಂದು ತ್ರೈಮಾಸಿಕದ ಅಂತರ ಸೇರಿಸಿಕೊಳ್ಳಲಿ. ವೈರಿಂಗ್, ನಲ್ಲಿ, ಟೈಲ್ಸ್, ಬಣ್ಣದವರಿಗೆ ನಿರ್ಮಾಣ ಹಂತದ ದಾಸ್ತಾನೇ ಸರಿ. ಅವರ ಕೆಲಸ ಬರುವುದು ಸ್ಲ್ಯಾಬ್ ಬಿದ್ದು ಗೋಡೆ ಎದ್ದ ಮೇಲೆ. ಆರಂಭ ಕುಸಿದ ತಿಂಗಳೇ ಗಾಬರಿಬಿದ್ದು ಅಂಗಡಿಯ ಸರಕು ಕಡಿಮೆ ಮಾಡಿದರೆ ಇನ್ನೂ ಒಂದು ವರ್ಷದ ವ್ಯಾಪಾರ ಪಕ್ಕದವನ ಪಾಲು. ಪೀಠೋಪಕರಣ, ಗೃಹೋಪಯೋಗಿ ವಸ್ತುಗಳವರಿಗೆ ಪೂರ್ಣಗೊಂಡ ಮನೆಗಳ ಅಂಕಿ.

ಬಾಡಿಗೆಗೆ ಕೊಡಲು ಅಪಾರ್ಟ್‌ಮೆಂಟ್ ಕೊಳ್ಳುವವರು ದೇಶದ ಒಟ್ಟು ಅಂಕಿಯನ್ನು ಬಿಟ್ಟೇಬಿಡಬಹುದು. ಆ ನಗರದಲ್ಲಿ ನಿರ್ಮಾಣ ಹಂತದಲ್ಲಿರುವ ಮನೆಗಳು ಈಗಿರುವ ಮನೆಗಳ ಎಷ್ಟು ಪಾಲು ಎಂದು ನೋಡಿದರೆ ಸಾಕು. ಕಚೇರಿ ಕಟ್ಟಡಕ್ಕೆ ಹಣ ಹಾಕುವವರು ಕಟ್ಟುತ್ತಿರುವ ಚದರಡಿಯಲ್ಲಿ ಮೊದಲೇ ಬಾಡಿಗೆಗೆ ಒಪ್ಪಂದವಾದದ್ದೆಷ್ಟು ಎಂದು ಕೇಳಬೇಕು. ಒಪ್ಪಂದವಿಲ್ಲದೆ ಏಳುತ್ತಿರುವ ಚದರಡಿಯೇ ನಾಳಿನ ಖಾಲಿ ಮಹಡಿ.

ಓದುವ ಕ್ರಮದ ಬಗ್ಗೆ ಎರಡು ಮಾತು. ‘ವಾರ್ಷಿಕ ದರ’ದಲ್ಲಿ ಕೊಟ್ಟ ಅಂಕಿಯನ್ನು ವರ್ಷದ ಮೊತ್ತ ಎಂದುಕೊಳ್ಳಬೇಡಿ. 14.4 ಲಕ್ಷದ ವಾರ್ಷಿಕ ದರ ಎಂದರೆ ಋತುಮಾನ ಹೊಂದಿಸಿದ ಮೇಲೆ ಆ ತಿಂಗಳಿಗೆ 1.2 ಲಕ್ಷ. ಚಳಿಗಾಲದಲ್ಲಿ ನಿಜವಾಗಿ ಶುರುವಾದದ್ದು ಅದಕ್ಕಿಂತ ಕಡಿಮೆಯೇ ಇರುತ್ತದೆ. ಚೀನಾದ ಅಂಕಿ ಇನ್ನೊಂದು ಬಗೆ. ಜನವರಿಯಿಂದ ಆ ತಿಂಗಳವರೆಗಿನ ಕೂಡಿಕೆ ಕೊಡುತ್ತಾರೆ, ಜನವರಿ–ಫೆಬ್ರವರಿಯನ್ನು ಚಾಂದ್ರಮಾನ ಹೊಸ ವರ್ಷದ ರಜೆಯ ಕಾರಣ ಒಟ್ಟಿಗೇ ಪ್ರಕಟಿಸುತ್ತಾರೆ. ಒಂದು ತಿಂಗಳ ಅಂಕಿ ಬೇಕಾದರೆ ಹಿಂದಿನ ಕೂಡಿಕೆಯನ್ನು ಕಳೆಯಬೇಕು. ಹಾಗೆ ಕಳೆದು ಸಿಕ್ಕ ಬೆಳವಣಿಗೆ ಅವರೇ ಪ್ರಕಟಿಸಿದ ಶೇಕಡಾದೊಂದಿಗೆ ಕೆಲವೊಮ್ಮೆ ಹೊಂದುವುದಿಲ್ಲ, ಏಕೆಂದರೆ ಹಿಂದಿನ ವರ್ಷದ ಅಂಕಿಯನ್ನು ಆ ನಡುವೆ ಪರಿಷ್ಕರಿಸಿರುತ್ತಾರೆ.

ಪರಿಷ್ಕರಣೆ ಎಲ್ಲ ದೇಶದಲ್ಲೂ ಇದೆ. ಮೊದಲು ಬಂದ ಅಂಕಿಯನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುವ ಬದಲು ಹಾಳೆಯಲ್ಲಿ ಮೂರು ಕಾಲಂ ಇಟ್ಟುಕೊಳ್ಳಿ: ಮೊದಲ ಪ್ರಕಟಣೆ, ಮುಂದಿನ ತಿಂಗಳ ಪರಿಷ್ಕರಣೆ, ವರ್ಷಾಂತ್ಯದ ಅಂಕಿ. ಒಂದು ವರ್ಷ ಹೀಗೆ ಬರೆದರೆ ಆ ದೇಶದ ಮೊದಲ ಅಂಕಿ ಸಾಮಾನ್ಯವಾಗಿ ಎಷ್ಟು, ಯಾವ ಕಡೆಗೆ ತಪ್ಪುತ್ತದೆ ಎಂದು ತಿಳಿಯುತ್ತದೆ. ಅದಕ್ಕಿಂತ ಚಿಕ್ಕ ಬದಲಾವಣೆ ಮುಂದೆ ಬಂದಾಗ ಆರ್ಡರ್ ಪುಸ್ತಕ ಮುಟ್ಟಬೇಕಿಲ್ಲ.